ಕದನದ ಗೊಂಬೆಗಳಿಗೊಂದು ಊರುಮನೆ

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ನಮ್ಮ ಸೀಮೆಯ ಮನೆಗಳಲ್ಲಿ ಪಟ್ಟದ ಗೊಂಬೆಗಳ ಮೆಟ್ಟಿಲು ಹಿರಿಯರದು, ಕೆಳಗಿನ ನೆಲ ಮಕ್ಕಳದು. ಉದ್ಯಾನ, ಜಾತ್ರೆಗಳ ಜೊತೆಗೆ ಕೋಟೆ ಕದನಗಳೂ ಅಲ್ಲಿ ಏಳುವುದುಂಟು. ಮಂಡ್ಯ, ಮದ್ದೂರು, ಮಳವಳ್ಳಿಗಳ ಮಕ್ಕಳು ಕದನದ ವಸ್ತುವನ್ನು ದೂರದಿಂದ ತರಬೇಕಾಗಿಲ್ಲ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ದಂಡಿಗೂ ಟಿಪ್ಪುವಿನ ದಂಡಿಗೂ ಕಾಳಗ ನಡೆದದ್ದು ಮಳವಳ್ಳಿಯಲ್ಲಿ; ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಸಿಪಾಯಿ ಗೊಂಬೆಗಳು ಅಂಗಡಿಯಲ್ಲಿ ದೊರೆತಾವು. ಅವರು ಕಾದಾಡಿದ ಊರಿನ ಮನೆಗಳು ದೊರೆಯವು. ಅವನ್ನು ನಾವೇ ಕಟ್ಟಬೇಕು.

ಮೊದಲು ಅಳತೆ. ಗೊಂಬೆಗಿಂತ ಗಿಡ್ಡದಾದ ಬಾಗಿಲು, ಮನೆಗಿಂತ ದೊಡ್ಡದಾದ ಕೋಳಿ, ಇವು ನಗೆಪಾಟಲಿಗೆ ಗುರಿ. ಒಂದು ಅಡಿಗೆ ಒಂದು ಸೆಂಟಿಮೀಟರು ಎಂದು ಇಟ್ಟುಕೊಂಡರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಐದೂವರೆ ಅಡಿಯ ಆಳು ಐದೂವರೆ ಸೆಂಟಿಮೀಟರು. ತಲೆ ಬಾಗಿಸಿ ಹೊಗಬೇಕಾದ ಹಳ್ಳಿಯ ಬಾಗಿಲು ಐದು. ಆದರೆ ಇದೇ ಮಾನದಲ್ಲಿ ಶ್ರೀರಂಗಪಟ್ಟಣವನ್ನೆಲ್ಲ ಕಟ್ಟುವೆನೆಂದರೆ ಆಗದು. ಸುಮಾರು 3 ಮೈಲಿ ಉದ್ದದ ಆ ದ್ವೀಪಕ್ಕೆ 158 ಮೀಟರು ನೆಲ ಬೇಕು! ಆದುದರಿಂದ ಕೋಟೆಯ ವಾಯವ್ಯ ಮೂಲೆಯ ಒಡಕನ್ನು ಮಾತ್ರ ಮಾಡಿದರೆ ಸಾಕು. ಒಡೆದ ಗೋಡೆಯೆಂದರೆ ಬರಿಯ ತೂತಲ್ಲ. ಬಿದ್ದ ಕಲ್ಲುಮಣ್ಣು ಬುಡದಲ್ಲಿ ಇಳಿಜಾರಾಗಿ ರಾಶಿಬಿದ್ದಿರಬೇಕು. ಹತ್ತುವವರಿಗೆ ಅದೇ ಮೆಟ್ಟಿಲು. ಬೇಸಗೆಯ ಕಾವೇರಿಯಲ್ಲಿ ನೀರಿಗಿಂತ ಬಂಡೆ ಹೆಚ್ಚಾಗಿ ಕಾಣಲಿ.

ನನಗೆ ಹೆಚ್ಚು ಪ್ರೀತಿಯಾದದ್ದು ಊರುಮನೆ. ರಟ್ಟಿನ ಒಂದೇ ಹಾಳೆಯನ್ನು ಗೋಡೆಯಾಗಿ ನಿಲ್ಲಿಸಿದರೆ ಬಾಗಿಲ ಅಂಚಿನಲ್ಲಿಯೇ ಗುಟ್ಟು ಬಯಲಾಗುತ್ತದೆ. ಮಣ್ಣಿನ ಗೋಡೆ ಒಂದೂವರೆ ಅಡಿಯಾದರೂ ದಪ್ಪವಿರುತ್ತದಷ್ಟೆ? ಆದುದರಿಂದ ಎರಡು ರಟ್ಟುಗಳನ್ನು ಒಂದೂವರೆ ಸೆಂಟಿಮೀಟರು ಅಂತರದಲ್ಲಿ ನಿಲ್ಲಿಸಿ, ಬಾಗಿಲ ಸಂದನ್ನು ರಟ್ಟಿನ ಪಟ್ಟಿಯಿಂದ ಮುಚ್ಚಬೇಕು. ಆಗ ಬಾಗಿಲು ಒಳಸರಿದು ಅದರೊಳಗೆ ನೆರಳು ಕೂರುತ್ತದೆ. ಮುಂದುಗಡೆ ಜಗಲಿ, ಕಿಟಕಿಗಳು ಬೇಡ, ಒಂದು ಗವಾಕ್ಷಿ ಸಾಕು. ಮೇಲೆ ಬಳಿಯಲು ಕೆರೆಯ ಜೇಡಿಯನ್ನು ಜರಡಿಹಿಡಿದು, ನೆನೆಸಿ ಅರೆದ ಕಾಗದದೊಡನೆ ಕಲಸಿಕೊಳ್ಳಿ. ಬರಿಯ ಜೇಡಿ ಒಣಗಿದೊಡನೆ ಬಿರಿಯುತ್ತದೆ. ಕಾಗದದ ನಾರು ಅದನ್ನು ಹಿಡಿದಿಡುತ್ತದೆ. ಅಂಟಿಗೆ ಮೈದಾಹಿಟ್ಟಿನ ಸರಿ ಒಳ್ಳೆಯದು. ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತ ಬೆರೆಸುವುದು ವಾಡಿಕೆ. ಅದು ವಿಷವಾದುದರಿಂದ ಹಿರಿಯರೇ ಬೆರೆಸಬೇಕು, ಅಡುಗೆಯ ಪಾತ್ರೆಯಲ್ಲಂತೂ ಕೂಡದು.

ಇನ್ನು ಮಾಡು. ಪೆಟ್ಟಿಗೆಯ ರಟ್ಟಿನ ಮೇಲುಹಾಳೆಯನ್ನು ನೀರು ಸವರಿ ಸುಲಿದರೆ ಒಳಗೆ ಅಲೆ ಅಲೆಯಾದ ಕಾಗದ ಸಿಗುತ್ತದೆ. ಒಂದೊಂದು ಅಲೆಯೂ ಸುಮಾರು ಅರ್ಧ ಸೆಂಟಿಮೀಟರು. ನಮ್ಮ ಮಾನದಲ್ಲಿ ಕುಂಬಾರನ ನಾಡಹೆಂಚಿಗೆ ಸರಿಹೋಗುವ ಅಗಲ. ಅಡ್ಡಲಾಗಿ ಪಟ್ಟಿಗಳನ್ನು ಕತ್ತರಿಸಿ, ಸೂರಿನಿಂದ ಆರಂಭಿಸಿ ಒಂದರ ಮೇಲೊಂದು ತುಸು ಏರುವಂತೆ ಅಂಟಿಸುತ್ತಾ ಹೋಗಬೇಕು. ಬಣ್ಣ ಒಂದೇ ಕೆಂಪಾಗದಿರಲಿ; ಒಲೆಯ ಮೇಲಿನ ಹೆಂಚು ಹೊಗೆಗಪ್ಪು, ಮರದ ನೆರಳಿನದು ಪಾಚಿಬಣ್ಣ. ಹುಲ್ಲುಮಾಡಾದರೆ ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಹೊದಿಸಬಹುದು.

ಒಂದು ಶಾಲೆಯ ಪ್ರದರ್ಶನದಲ್ಲಿ ಟಿಪ್ಪುವಿನ ಕಾಲದ ಮನೆಗೆ ಮಂಗಳೂರು ಹೆಂಚು ಹೊದಿಸಿದ್ದನ್ನು ನೋಡಿದೆ. ಕೆಲಸವೇನೋ ಅಚ್ಚುಕಟ್ಟು! ಆದರೆ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಮಂಡ್ಯದ ಸುತ್ತ ಕಬ್ಬು ಗದ್ದೆಗಳ ಹಸಿರು ಹಾಸುವವರೂ ಇದ್ದಾರೆ. ಈ ನಾಲೆಯ ಹಸಿರು ಕನ್ನಂಬಾಡಿ ಕಟ್ಟೆಯಿಂದ ಬಂದದ್ದು. ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. 1799ಕ್ಕೆ ಕೆರೆಯ ಕೆಳಗೆ ಮಾತ್ರ ಗದ್ದೆ ಇಟ್ಟು, ಉಳಿದುದನ್ನು ಮಾರ್ಚ್ ತಿಂಗಳ ಬರಡು ಹೊಲವಾಗಿ ಬಿಡಬೇಕು. ಉಡುಪು, ತೋಪು, ಮದ್ದಿನ ಬಂಡಿಗಳಿಗೆ ದರಿಯಾ ದೌಲತ್ತಿನ ಪಡುಗೋಡೆಯ ಮೇಲಿನ ಚಿತ್ರವನ್ನು ನೋಡಿಬರಬಹುದು; ಅದು 1780ರ ಪೊಳ್ಳಿಲೂರು ಕದನದ್ದು.

ಕೊನೆಗೆ ಮನೆಯ ಪಕ್ಕಕ್ಕೆ ಒಂದು ಹುಲ್ಲಿನ ಮೆದೆ. ಶತ್ರುವಿನ ಎತ್ತುಗಳಿಗೆ ಮೇವು ದಕ್ಕಬಾರದೆಂದು ಹಾದಿಯ ಮೇವನ್ನೆಲ್ಲ ಸುಡುವುದು ಆ ಯುದ್ಧದ ಒಂದು ಉಪಾಯವಾಗಿತ್ತು. ಹ್ಯಾರಿಸನು ಮಳವಳ್ಳಿಯ ಕಾಳಗದ ಮೇಲೆ ನೇರ ದಾರಿ ಬಿಟ್ಟು ಸೋಸಲೆಯಲ್ಲಿ ಕಾವೇರಿ ದಾಟಿದ್ದಕ್ಕೆ ಮೇವೂ ಒಂದು ಕಾರಣ. ಸುಟ್ಟ ಹುಲ್ಲಾದರೂ ಅದು ಬಡರೈತನ ದನಗಳ ಬೇಸಗೆಯ ಅನ್ನ. ಮೆದೆಯನ್ನು ತುಂಡರಿಸಿದ ನಾರಿನಿಂದ ಕಟ್ಟಿ, ಒಂದು ಮಗ್ಗುಲಿಗೆ ಇದ್ದಲ ಪುಡಿ ಸವರಿ. ಎತ್ತಿನ ಗೊಂಬೆಯೊಂದಿದ್ದರೆ ಅದನ್ನು ಈ ಮೆದೆಯ ಕಡೆಗೇ ಮುಖಮಾಡಿ ನಿಲ್ಲಿಸಿ.