ಸಂಘದ ಗಣಕಯಂತ್ರಕ್ಕೂ ಜ್ವರ ನೋಡಿ



ಹಸು ಮೇವು ಬಿಟ್ಟು ತಲೆ ತಗ್ಗಿಸಿ ನಿಂತರೆ ತಾವು ಮೊದಲು ಅದರ ಕಿವಿ ಮುಟ್ಟಿ ನೋಡುತ್ತೀರಿ. ಪಶುವೈದ್ಯರು ಬಂದು ಥರ್ಮಾಮೀಟರ್ ಇಡುತ್ತಾರೆ. ಸಂಘದ ಕಚೇರಿಯಲ್ಲಿ ತಮ್ಮ ಹಾಲಿನ ಲೆಕ್ಕ ಇಡುವ ಗಣಕಯಂತ್ರಕ್ಕೂ ಇಂಥದೇ ಪರೀಕ್ಷೆ ಇದೆ. ಅದಕ್ಕೆ ಬೇಕಾದ ಥರ್ಮಾಮೀಟರ್ ಯಂತ್ರದೊಳಗೇ ಇರುತ್ತದೆ. ನೋಡುವವರು ಬೇಕಷ್ಟೆ.

ಇಂದು ಅನೇಕ ಸಂಘಗಳಲ್ಲಿ ಹಾಲಿನ ಪ್ರಮಾಣ, ಜಿಡ್ಡು, ಎಸ್.ಎನ್.ಎಫ್., ದರ ಎಲ್ಲವೂ ಗಣಕಯಂತ್ರದಲ್ಲೇ ದಾಖಲಾಗುತ್ತವೆ. ಬೆಳಗಿನ ಸರತಿಯ ನಡುವೆ ಅದು ನಿಂತರೆ ಕ್ಯಾನು ಹಿಡಿದವರು ಕಾಯಬಹುದು, ಬೇಸಿಗೆಯ ಹಾಲು ಕಾಯುವುದಿಲ್ಲ. ಬಟವಾಡೆಗೆ ಮುನ್ನ ನಿಂತರೆ ಎಲ್ಲರ ಹಣವೂ ತಡ. ಹೀಗೆ ನಿಲ್ಲಲು ಒಂದು ಸಾಮಾನ್ಯ ಕಾರಣ ಶಾಖ.

ಶಾಖ ಎಲ್ಲಿಂದ ಬರುತ್ತದೆ?

ಗಣಕಯಂತ್ರದ ಲೆಕ್ಕವನ್ನೆಲ್ಲ ಮಾಡುವುದು ಬೆಂಕಿಪೊಟ್ಟಣದಷ್ಟು ಅಗಲದ ಪ್ರೊಸೆಸರ್ ಎಂಬ ಭಾಗ. ಅದು ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗುತ್ತದೆ. ಕೆಲಸದ ಒತ್ತಡವಿದ್ದಾಗ ಕಚೇರಿ ಬಳಕೆಯ ಪ್ರೊಸೆಸರ್ ಸುಮಾರು 65 ವ್ಯಾಟ್, ಅಂದರೆ ಹಳೆಯ 60 ವ್ಯಾಟ್ ಬಲ್ಬಿಗಿಂತ ತುಸು ಹೆಚ್ಚೇ ವಿದ್ಯುತ್ ಬಳಸಬಹುದು. ಈ ಶಾಖವನ್ನು ಹೊರಹಾಕಲು ಅದರ ಮೇಲೆ ಅಲ್ಯೂಮಿನಿಯಂ ತಗಡುಗಳ ಒಂದು ಜೋಡಣೆಯೂ ಅದರ ಮೇಲೊಂದು ಫ್ಯಾನೂ ಇರುತ್ತವೆ. ಬಲ್ಕ್ ಕೂಲರಿನ ಕಂಡೆನ್ಸರಿಗೆ ಧೂಳು ಕಟ್ಟಿದರೆ ಹಾಲು ತಣ್ಣಗಾಗುವುದು ತಡವಾಗುತ್ತದೆಯಲ್ಲವೇ? ಇಲ್ಲಿಯೂ ಅಷ್ಟೇ. ಪಶು ಆಹಾರದ ಮೂಟೆಗಳಿರುವ ಕೋಣೆಯಲ್ಲೇ ಗಣಕಯಂತ್ರವಿದ್ದರೆ ಆ ಧೂಳೆಲ್ಲ ಫ್ಯಾನಿನ ಮೂಲಕ ಒಳಗೆ ಸೇರುತ್ತದೆ.

ಅಂಕಿ ಸಿಗುವುದು ಹೇಗೆ?

ಪ್ರೊಸೆಸರಿನಲ್ಲೂ ಮದರ್‌ಬೋರ್ಡಿನಲ್ಲೂ ಉಷ್ಣಾಂಶ ಅಳೆಯುವ ಸಣ್ಣ ಸಂವೇದಕಗಳಿವೆ. ಫ್ಯಾನಿನ ತಂತಿಗಳಲ್ಲಿ ಎರಡು ವಿದ್ಯುತ್ತಿಗೆ, ಮೂರನೆಯದು ವೇಗ ತಿಳಿಸಲು. ಸಾಮಾನ್ಯವಾಗಿ ಫ್ಯಾನು ಒಂದು ಸುತ್ತು ತಿರುಗಿದಾಗ ಈ ತಂತಿಯಲ್ಲಿ ಎರಡು ಸಂಕೇತ ಬರುತ್ತವೆ. ಅವನ್ನು ಎಣಿಸಿ ಮದರ್‌ಬೋರ್ಡು ನಿಮಿಷಕ್ಕೆ ಎಷ್ಟು ಸುತ್ತು ಎಂದು ಲೆಕ್ಕ ಹಾಕುತ್ತದೆ. ಇದೇ ಆರ್.ಪಿ.ಎಂ. ನಾಲ್ಕನೆಯ ತಂತಿ ಇದ್ದರೆ ಶಾಖಕ್ಕೆ ತಕ್ಕಂತೆ ವೇಗವನ್ನು ಏರಿಸಿ ಇಳಿಸುವುದು ಅದರ ಕೆಲಸ.

ನೋಡುವ ಕ್ರಮ

ಹಾಲು ಶೇಖರಣೆ ಮುಗಿದ ಕೂಡಲೇ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಪರದೆ ಬೆಳಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿದರೆ ಬಹುತೇಕ ಯಂತ್ರಗಳಲ್ಲಿ ಬಯಾಸ್ ಪುಟ ಬರುತ್ತದೆ. ಅಲ್ಲಿ 'ಹಾರ್ಡ್‌ವೇರ್ ಮಾನಿಟರ್' ಅಥವಾ 'ಪಿಸಿ ಹೆಲ್ತ್' ಎಂಬ ಭಾಗದಲ್ಲಿ ಉಷ್ಣಾಂಶ ಮತ್ತು ಫ್ಯಾನಿನ ವೇಗ ಕಾಣುತ್ತವೆ. ಬೇರೇನನ್ನೂ ಬದಲಿಸದೆ, ಉಳಿಸದೆ ಹೊರಬನ್ನಿ. ಕೆಲಸ ನಡೆಯುತ್ತಿರುವಾಗಲೇ ನೋಡಬೇಕಿದ್ದರೆ ಎಚ್‌ಡಬ್ಲ್ಯೂಮಾನಿಟರ್‌ನಂಥ ತಂತ್ರಾಂಶವಿದೆ.

ಹಗುರ ಕೆಲಸದಲ್ಲಿ ಪ್ರೊಸೆಸರ್ 35ರಿಂದ 50 ಡಿಗ್ರಿ ಸೆಲ್ಸಿಯಸ್ ಇರುವುದು ಸಾಮಾನ್ಯ. ಭಾರಿ ಕೆಲಸದಲ್ಲಿ 70 ದಾಟಿದರೂ ಗಾಬರಿ ಬೇಡ. ಹಗುರ ಕೆಲಸದಲ್ಲೇ 80 ತೋರಿಸಿದರೆ ಮಾತ್ರ ಅಲಕ್ಷ್ಯ ಮಾಡಬೇಡಿ. ಬಹಳಷ್ಟು ಪ್ರೊಸೆಸರ್‌ಗಳು 100 ಡಿಗ್ರಿಯ ಆಸುಪಾಸಿನಲ್ಲಿ ತಾವಾಗಿಯೇ ನಿಧಾನವಾಗುತ್ತವೆ. ಇನ್ನೂ ಏರಿದರೆ ಸುಟ್ಟುಹೋಗದಂತೆ ಯಂತ್ರವೇ ಆರಿಹೋಗುತ್ತದೆ.

ಕೋಣೆಯ ಶಾಖವನ್ನೂ ಬರೆಯಿರಿ

ಹಾಲಿನ ಉಷ್ಣಾಂಶ ನೋಡದೆ ಲ್ಯಾಕ್ಟೋಮೀಟರಿನ ಅಂಕಿಯನ್ನು ಯಾರೂ ನಂಬುವುದಿಲ್ಲ. ಇಲ್ಲಿಯೂ ಹಾಗೆಯೇ. ಫ್ಯಾನು ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆಗಿಂತ ತಂಪು ಮಾಡಲು ಅದರಿಂದಾಗದು. ಆದ್ದರಿಂದ ಎರಡರ ನಡುವಿನ ಅಂತರವನ್ನು ಗಮನಿಸಿ. ಜನವರಿಯಲ್ಲಿ ಕೋಣೆ 24, ಪ್ರೊಸೆಸರ್ 44. ಏಪ್ರಿಲ್‌ನಲ್ಲಿ ಕೋಣೆ 36, ಪ್ರೊಸೆಸರ್ 56 ಎನ್ನಿ. ಅಂತರ ಎರಡೂ ಸಲ 20; ಏರಿದ್ದು ಬೇಸಿಗೆ, ಯಂತ್ರದಲ್ಲಿ ದೋಷವಿಲ್ಲ. ಅದೇ ಏಪ್ರಿಲ್‌ನಲ್ಲಿ ಪ್ರೊಸೆಸರ್ 70 ತೋರಿಸಿದರೆ ಅಂತರ 34. ಕೆಲಸ ಅಷ್ಟೇ ಇದ್ದರೆ ಧೂಳು ಕಟ್ಟಿದೆ, ಫ್ಯಾನು ಸೋತಿದೆ ಅಥವಾ ಪ್ರೊಸೆಸರಿಗೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿದೆ ಎಂದು ತಿಳಿಯಬೇಕು.

ಫ್ಯಾನಿನ ವೇಗಕ್ಕೂ ಇದೇ ಮಾತು. ಮೊದಲು 1800 ಸುತ್ತು ಇದ್ದದ್ದು ಅಷ್ಟೇ ಶಾಖದಲ್ಲಿ 1100ಕ್ಕೆ ಇಳಿದರೆ ಫ್ಯಾನು ಸವೆದಿದೆ. ಸೊನ್ನೆ ತೋರಿಸಿದರೆ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಎರಡೇ ತಂತಿಯ ಫ್ಯಾನಿಗೆ ವೇಗ ತಿಳಿಸಲು ಬಾರದು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ಫ್ಯಾನು ಸಾಮಾನ್ಯವಾಗಿ ಈ ಪುಟದಲ್ಲಿ ಕಾಣುವುದಿಲ್ಲ. ಅದರ ಹಿಂಬದಿಗೆ ಅಂಗೈ ಹಿಡಿದು ಗಾಳಿ ಬರುತ್ತಿದೆಯೇ ನೋಡಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಪೆಟ್ಟಿಗೆಯನ್ನು ನೆಲದ ಮೇಲೆ ಇಡದೆ ಮೇಜಿನ ಮೇಲಿಡಿ. ಹಿಂಬದಿಯಲ್ಲಿ ಅರ್ಧ ಅಡಿಯಾದರೂ ಜಾಗವಿರಲಿ.

2. ತಂಪಾಗಲೆಂದು ಪಕ್ಕದ ತಗಡು ತೆಗೆದಿಡಬೇಡಿ. ಧೂಳು, ಇರುವೆ, ಹಲ್ಲಿಗೆ ದಾರಿಯಾಗುತ್ತದೆ.

3. ಮೂರು ತಿಂಗಳಿಗೊಮ್ಮೆ ಧೂಳು ತೆಗೆಸಿ. ಮೊದಲು ಪ್ಲಗ್ ಕಿತ್ತಿಡಬೇಕು. ಒದ್ದೆ ಬಟ್ಟೆ ಬೇಡ, ಬಾಯಿಂದ ಊದುವುದೂ ಬೇಡ. ಬ್ಲೋಯರ್ ಬಳಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾದೀತು.

4. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

5. ತಿಂಗಳ ಮೊದಲ ದಿನ ದಿನಾಂಕ, ಕೋಣೆಯ ಉಷ್ಣಾಂಶ, ಪ್ರೊಸೆಸರ್ ಉಷ್ಣಾಂಶ, ಫ್ಯಾನಿನ ವೇಗ, ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಕಾರ್ಯದರ್ಶಿಯವರಿಗೆ ತಿಳಿಸಿ. ಐದು ನಿಮಿಷದ ಕೆಲಸ.

ಒಂದು ಫ್ಯಾನಿನ ಬೆಲೆ ಕೆಲವು ನೂರು ರೂಪಾಯಿ. ಮದರ್‌ಬೋರ್ಡು ಹೋದರೆ ಸಾವಿರಗಳ ಲೆಕ್ಕ. ಆ ಹಣ ಬರುವುದು ತಮ್ಮ ಹಾಲಿನಿಂದಲೇ. ಮುಂದಿನ ಸಲ ಸಂಘಕ್ಕೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯವರನ್ನು ಕೇಳಿ: "ಈ ತಿಂಗಳು ಅಂತರ ಎಷ್ಟಿದೆ?"