ಮಣ್ಣು ಬೇಡದ ಹೂವು

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂತಹ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೋಡ ಕವಿದರೂ ಹನಿ ಬೀಳದ ದಿನಗಳು, ಮುಗಿಲನ್ನೇ ನಂಬಿ ನಿಂತ ಶೇಂಗಾ ಹೊಲಗಳು, ವರ್ಷ ವರ್ಷವೂ ಆಳಕ್ಕಿಳಿಯುವ ಕೊಳವೆಬಾವಿಗಳು—ಚಿತ್ರದುರ್ಗದ ಸೀಮೆಯ ಬಾಳೆಂದರೆ ಇದೇ. ಆ ಸೀಮೆಯಿಂದ ಉದ್ಯೋಗವನ್ನರಸಿ ಬೆಂಗಳೂರಿಗೆ ಬಂದು, ಬಹುಮಹಡಿಯ ಕಟ್ಟಡವೊಂದರಲ್ಲಿ ಎರಡು ಕೋಣೆಗಳ ಸಂಸಾರ ಹೂಡಿದವರಿಗೆ ಅಂಗಳವೆಲ್ಲಿ, ಹಿತ್ತಿಲೆಲ್ಲಿ? ಪೂರ್ವದ ಕಡೆಗೊಂದು ಕಿಟಕಿ ದೊರೆತರೆ ಅದೇ ಭಾಗ್ಯ. ಅಂತಹ ಮನೆಗೆ ಹೇಳಿ ಮಾಡಿಸಿದಂತಹ ಗಿಡ ಆರ್ಕಿಡ್. ಅದು ಮಣ್ಣನ್ನು ಕೇಳುವುದಿಲ್ಲ. ಹೆಚ್ಚು ಸ್ಥಳವನ್ನೂ ಕೇಳುವುದಿಲ್ಲ. ಹೂ ಬಿಟ್ಟಿತೆಂದರೆ ಎರಡು ಮೂರು ತಿಂಗಳು ಬಾಡುವುದಿಲ್ಲ.

ಆದರೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಕಂಡು ಮನಸೋತು, ನರ್ಸರಿಯಿಂದ ಕುಂಡವೊಂದನ್ನು ಕೊಂಡು ತಂದವರಲ್ಲಿ ಅನೇಕರು ವರ್ಷ ತುಂಬುವುದರೊಳಗೆ ಬರಿಯ ಕುಂಡವನ್ನು ಮೂಲೆಗಿಡುತ್ತಾರೆ. ಮಳೆಕಾಡಿನ ಗಿಡವಲ್ಲವೆ, ದಿನವೂ ನೀರು ಬೇಕೆಂಬುದು ಅವರ ಎಣಿಕೆ. ವಾಸ್ತವವಾಗಿ ಮನೆಯೊಳಗಿನ ಆರ್ಕಿಡ್ ಸಾಯುವುದು ಬಹುಮಟ್ಟಿಗೆ ಬಾಯಾರಿಕೆಯಿಂದಲ್ಲ, ಅತಿಯಾದ ನೀರಿನಿಂದ.

ಬದನಿಕೆಯಲ್ಲ, ಅತಿಥಿ

ಇದಕ್ಕೆ ಕಾರಣವನ್ನು ಅರಿಯಬೇಕಾದರೆ ಗಿಡದ ಹುಟ್ಟೂರನ್ನು ನೋಡಬೇಕು. ಆರ್ಕಿಡ್ ಕುಟುಂಬದಲ್ಲಿ ೨೫,೦೦೦ಕ್ಕೂ ಮಿಕ್ಕಿ ಜಾತಿಗಳಿವೆ. ಉಷ್ಣವಲಯದ ಬಹುತೇಕ ಜಾತಿಗಳು ಮರದ ಕೊಂಬೆಗಳ ಮೇಲೆ ವಾಸಿಸುತ್ತವೆ. ಕಂಡವರು ಇದನ್ನು ಬದನಿಕೆಯೆಂದು ತಿಳಿಯುವುದುಂಟು. ಹೆಸರಿನಲ್ಲಿಯೇ ಆ ಭ್ರಮೆ ಉಳಿದಿದೆ: ‘ವಾಂಡಾ’ ಎಂಬ ಪ್ರಸಿದ್ಧ ಕುಲಕ್ಕೆ ಆ ನಾಮ ಬಂದದ್ದು ಪರಾವಲಂಬಿ ಸಸ್ಯಗಳನ್ನು ಸೂಚಿಸುವ ಸಂಸ್ಕೃತದ ‘ವಂದಾ’ ಶಬ್ದದಿಂದ. ಆದರೆ ಬದನಿಕೆ ಮರದ ರಸವನ್ನು ಹೀರುತ್ತದೆ. ಆರ್ಕಿಡ್ ಹಾಗೆ ಮಾಡುವುದಿಲ್ಲ. ಅದಕ್ಕೆ ಮರ ನಿಲ್ಲಲು ಒಂದು ನೆಲೆ ಮಾತ್ರ. ಅದರ ಆಹಾರವೆಲ್ಲ ಗಾಳಿ, ಬೆಳಕು, ತೊಗಟೆಯ ಮೇಲೆ ಹರಿದು ಬರುವ ಮಳೆನೀರು, ಕೊಳೆತ ಎಲೆಯ ಸಾರ.

ಅದರ ಬೇರನ್ನು ಸ್ಪಂಜಿನಂತಹ ಬಿಳಿಯ ಪದರವೊಂದು ಹೊದ್ದಿರುತ್ತದೆ. ಮಳೆ ಬಿದ್ದ ಕೆಲವೇ ಕ್ಷಣಗಳಲ್ಲಿ ಅದು ನೀರನ್ನು ಹೀರಿಕೊಳ್ಳುತ್ತದೆ. ಮಳೆ ನಿಂತೊಡನೆ ಗಾಳಿಗೆ ಒಣಗುತ್ತದೆ. ನೆನೆಯುವುದು, ಒಣಗುವುದು—ಈ ಎರಡರ ಸರದಿಯೇ ಅದರ ಉಸಿರು. ಅಂತಹ ಬೇರನ್ನು ಕೆಂಪು ಮಣ್ಣಿನಲ್ಲಿ ಹೂತು ದಿನವೂ ನೀರೆರೆದರೆ ಗಾಳಿಯಿಲ್ಲದೆ ಕೊಳೆಯದೆ ಮತ್ತೇನಾದೀತು?

ಬಯಲುಸೀಮೆಯವರಿಗೆ ಇನ್ನೊಂದು ಸಂಗತಿ ಸೋಜಿಗವೆನಿಸಬಹುದು. ಆರ್ಕಿಡ್‌ಗಳೆಲ್ಲವೂ ಮಲೆನಾಡಿನವಲ್ಲ. ವಾಂಡಾ ಟೆಸೆಲೇಟಾ ಎಂಬುದು ದಖ್ಖಣದ ಒಣ, ಎಲೆಯುದುರುವ ಕಾಡುಗಳಲ್ಲಿಯೂ ಬೇಸಿಗೆಯನ್ನು ತಾಳಿಕೊಂಡು ಬದುಕುತ್ತದೆ. ಕೆಲವು ಜಾತಿಗಳು ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿಯ ತಂಪಿನಲ್ಲಿ ಮಾತ್ರ ತೆರೆದು ಉಸಿರಾಡುತ್ತವೆ. ಪಾಪಾಸುಕಳ್ಳಿಯ ಉಪಾಯವೂ ಇದೇ.

ಧೂಳಿನಂತಹ ಬೀಜ

ಒಂದು ಕಾಲಕ್ಕೆ ಆರ್ಕಿಡ್ ಯೂರೋಪಿನ ಸಿರಿವಂತರ ಹುಚ್ಚಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಗಾಜಿನ ಮನೆಗಳನ್ನು ತುಂಬಲು ಕಾಡುಗಳನ್ನೇ ಬರಿದು ಮಾಡಲಾಯಿತು. ಬೀಜದಿಂದ ಬೆಳೆಸುವುದು ಅಷ್ಟು ದುಸ್ಸಾಧ್ಯವಾಗಿತ್ತು. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿದ್ದರೂ ಅವು ಧೂಳಿನಷ್ಟು ಸೂಕ್ಷ್ಮ. ಮೊಳಕೆಗೆ ಬೇಕಾದ ಬುತ್ತಿ ಅವುಗಳಲ್ಲಿಲ್ಲ. ಶಿಲೀಂಧ್ರವೊಂದು ಬಂದು ಉಣಿಸಿದರೆ ಮಾತ್ರ ಅವು ಬೆಳೆಯುತ್ತವೆ ಎಂಬುದನ್ನು ಫ್ರಾನ್ಸಿನ ನೊಯೆಲ್ ಬೆರ್ನಾರ್ ೧೮೯೯ರಲ್ಲಿ ಕಂಡುಕೊಂಡನು. ಸಕ್ಕರೆ ಬೆರೆಸಿದ ಪೋಷಕ ದ್ರವ್ಯದ ಮೇಲೆ ಶಿಲೀಂಧ್ರದ ನೆರವಿಲ್ಲದೆಯೇ ಬೀಜವನ್ನು ಮೊಳೆಯಿಸಬಹುದೆಂದು ಅಮೆರಿಕದ ಲೂಯಿಸ್ ನುಡ್ಸನ್ ೧೯೨೨ರಲ್ಲಿ ತೋರಿಸಿಕೊಟ್ಟನು. ೧೯೬೦ರಲ್ಲಿ ಜಾರ್ಜ್ ಮೊರೆಲ್ ಕುಡಿಯ ತುದಿಯ ಅಂಗಾಂಶದಿಂದ ಗಿಡಗಳನ್ನು ಹೆಚ್ಚಿಸುವ ಮಾರ್ಗವನ್ನು ತೆರೆದನು. ಅರಸರ ಸೊತ್ತಾಗಿದ್ದ ಹೂವು ಸಾಮಾನ್ಯ ಗೃಹಸ್ಥನ ಕಿಟಕಿಗೆ ಬಂದದ್ದು ಹೀಗೆ.

ಮೊದಲ ಗಿಡ

ಹೊಸಬರು ಆರಿಸತಕ್ಕದ್ದು ಫೆಲನಾಪ್ಸಿಸ್ ಅಥವಾ ಡೆಂಡ್ರೋಬಿಯಂ ಮಿಶ್ರತಳಿ. ಪತಂಗದಂತೆ ರೆಕ್ಕೆ ಬಿಚ್ಚಿದ ಹೂವುಗಳುಳ್ಳ ಫೆಲನಾಪ್ಸಿಸ್ ಕಡಿಮೆ ಬೆಳಕಿನಲ್ಲಿಯೂ ಒಗ್ಗಿಕೊಳ್ಳುತ್ತದೆ. ಬೆಂಗಳೂರಿನ ಹವೆ ಅದಕ್ಕೆ ಹಿತ. ಡೆಂಡ್ರೋಬಿಯಂ ಹೆಚ್ಚು ಬೆಳಕನ್ನು ಬಯಸುತ್ತದೆ, ಹೆಚ್ಚು ಸೆಕೆಯನ್ನೂ ತಾಳುತ್ತದೆ. ಆದುದರಿಂದ ಊರಿನ ಮನೆಯ ಜಗಲಿಯಲ್ಲಿ ಬೆಳೆಸುವವರಿಗೆ ಇದೇ ಲೇಸು.

ಬೆಳಕು ಸಾಕೋ ಸಾಲದೋ ಎಂಬುದನ್ನು ಎಲೆಯೇ ಹೇಳುತ್ತದೆ. ಎಲೆ ಕಡುಹಸುರಾಗಿ ಜೋಲುತ್ತಿದ್ದರೆ ಬೆಳಕು ಸಾಲದು. ಹಳದಿಗೋ ಕೆಂಪಿಗೋ ತಿರುಗಿದರೆ ಬಿಸಿಲು ಹೆಚ್ಚಾಯಿತು. ತಿಳಿಹಸುರೇ ಆರೋಗ್ಯದ ಲಕ್ಷಣ. ಬೆಳಗಿನ ಎಳೆಬಿಸಿಲು ಒಳ್ಳೆಯದು. ಪಶ್ಚಿಮದ ಕಿಟಕಿಗೆ ತೆಳುವಾದ ಪರದೆ ಅಗತ್ಯ.

ಕುಂಡಕ್ಕೆ ಬೇಕಾದುದು ತೆಂಗಿನ ಮೊಟ್ಟೆಯ ತುಂಡು, ಇದ್ದಿಲು ಮತ್ತು ಹೆಂಚಿನ ಚೂರು. ತೆಂಗಿನ ತೋಟಗಳಿಗೆ ಹೆಸರಾದ ಹೊಸದುರ್ಗದ ಕಡೆಯವರಿಗೆ ಇದಕ್ಕಾಗಿ ಕಾಸು ಬಿಚ್ಚಬೇಕಾಗಿಲ್ಲ. ಆದರೆ ಮೊಟ್ಟೆಯಲ್ಲಿ ಉಪ್ಪಿನ ಅಂಶವಿರುವುದರಿಂದ ಕೆಲವು ದಿನ ನೀರಿನಲ್ಲಿ ನೆನೆಹಾಕಿ, ನೀರನ್ನು ಮತ್ತೆ ಮತ್ತೆ ಬದಲಾಯಿಸಿ ಬಳಸಬೇಕು. ಕುಂಡಕ್ಕೆ ತಳದಲ್ಲಷ್ಟೇ ಅಲ್ಲ, ಪಕ್ಕಗಳಲ್ಲಿಯೂ ರಂಧ್ರಗಳಿರಲಿ. ಎರಡು ವರ್ಷಕ್ಕೊಮ್ಮೆ, ಹೂ ಉದುರಿದ ಮೇಲೆ, ಮೊಟ್ಟೆಯನ್ನು ಬದಲಾಯಿಸಿ ಕೊಳೆತ ಬೇರನ್ನು ಕತ್ತರಿಸುವುದು ಕ್ರಮ.

ನೀರಿನ ಲೆಕ್ಕ

ನೀರೆರೆಯಲು ಪಂಚಾಂಗ ಬೇಡ, ಬೇರನ್ನು ನೋಡಿದರೆ ಸಾಕು. ಒಣಗಿದ ಬೇರು ಬೆಳ್ಳಿಯ ಬಣ್ಣ. ನೆನೆದ ಬೇರು ಹಸುರು. ಬೆಳ್ಳಿಯಾದಾಗ, ಬೆಳಗಿನ ಹೊತ್ತು, ಧಾರಾಳವಾಗಿ ಎರೆದು ಪೂರ್ತಿ ಬಸಿದು ಹೋಗಲು ಬಿಡಬೇಕು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಫೆಲನಾಪ್ಸಿಸ್ ಅಲ್ಲಿಂದಲೇ ಕೊಳೆಯುತ್ತದೆ; ಹತ್ತಿಯಿಂದ ಒರೆಸಿ ತೆಗೆಯುವುದು ಲೇಸು.

ಕೊಳವೆಬಾವಿಯ ಗಡಸು ನೀರು ಆರ್ಕಿಡ್‌ಗೆ ಹಿಡಿಸದು. ಕುಂಡದ ಅಂಚಿನಲ್ಲಿ ಕೂಡುವ ಬಿಳಿಯ ಉಪ್ಪೇ ಅದಕ್ಕೆ ಸಾಕ್ಷಿ. ಮಳೆನೀರೇ ಅದಕ್ಕೆ ಅಮೃತ. ೨೦೨೪ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾದರು. ಅಂತಹ ನಗರದಲ್ಲಿ ಹೂವಿನ ಗಿಡಕ್ಕೆ ನೀರೇ ಎಂದು ಕೇಳುವವರಿದ್ದಾರೆ. ಬಾಲ್ಕನಿಯಲ್ಲಿ ಹಿಡಿದಿಟ್ಟ ಮಳೆನೀರಿನ ಒಂದು ಕೊಡ ನಾಲ್ಕಾರು ಕುಂಡಗಳನ್ನು ಅನೇಕ ವಾರ ಸಾಕೀತೆಂಬುದೇ ಅವರಿಗೆ ಉತ್ತರ. ಕುಂಡದ ಕೆಳಗೆ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲಿನ ಮಟ್ಟಕ್ಕಿಂತ ಕೆಳಗೆ ನೀರು ನಿಲ್ಲಿಸಿದರೆ ಸುತ್ತಲ ಗಾಳಿ ತೇವವಾಗಿರುತ್ತದೆ. ಗೊಬ್ಬರವೂ ಹೀಗೆಯೇ ಮಿತವಾಗಿರಲಿ: ಹೇಳಿದ ಪ್ರಮಾಣದ ಕಾಲುಭಾಗ ಸಾಕು, ತಿಂಗಳಿಗೊಮ್ಮೆ ಬರಿಯ ನೀರಿನಿಂದ ಕುಂಡವನ್ನು ತೊಳೆಯಬೇಕು.

ಹೂ ಬಿಡುವ ಸಮಯದ ಗುಟ್ಟೆಲ್ಲ ರಾತ್ರಿಯ ತಂಪಿನಲ್ಲಿದೆ. ಕೆಲವು ವಾರಗಳ ಕಾಲ ತಂಪು ಬಿದ್ದರೆ ಫೆಲನಾಪ್ಸಿಸ್ ಹೂಗೊನೆಯನ್ನು ಹೊರಡಿಸುತ್ತದೆ. ಬೆಂಗಳೂರಿನ ಕಾರ್ತಿಕ, ಮಾರ್ಗಶಿರಗಳ ಚಳಿ ಈ ಕೆಲಸವನ್ನು ಖರ್ಚಿಲ್ಲದೆ ಮಾಡಿಕೊಡುತ್ತದೆ. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರಾಯಿತು.

ಕಾಡಿನದು ಕಾಡಿಗಿರಲಿ

ಒಂದೆರಡು ಗಿಡಗಳು ಕೈಗೂಡಿದ ಮೇಲೆ ಆಸೆ ಬೆಳೆಯುವುದು ಸಹಜ. ಮುಂಗಾರಿನ ಹೊಸ್ತಿಲಲ್ಲಿ ಮಲೆನಾಡಿಗೆ ಹೋದವರು ಮರದಿಂದ ಇಳಿಬಿದ್ದ ಸೀತಾಳೆ ದಂಡೆಯ ಗೊಂಚಲನ್ನು ಕಂಡು ಮರುಳಾಗದಿರುವುದು ಕಷ್ಟ. ವನವಾಸದಲ್ಲಿ ಸೀತೆ ಮುಡಿದ ಹೂವೆಂದು ಜನ ಅದನ್ನು ಪ್ರೀತಿಯಿಂದ ಕರೆದರು. ಅದೇ ಹೂವು ಅಸ್ಸಾಮಿನಲ್ಲಿ ‘ಕೊಪೌ’. ಬಿಹು ಕುಣಿತದ ಹೆಣ್ಣುಮಕ್ಕಳ ಮುಡಿಗೆ ಅದಿಲ್ಲದೆ ಶೋಭೆಯಿಲ್ಲ. ಅದು ಆ ರಾಜ್ಯದ ಹೂವೂ ಹೌದು.

ಆದರೆ ಕಾಡಿನಿಂದ ಕಿತ್ತು ತಂದ ಗಿಡ ಕಿಟಕಿಯಲ್ಲಿ ಬಾಳುವುದು ಅಪರೂಪ. ಒಂದು ಬೀಜ ಮೊಳೆಯಲು ಅಲ್ಲಿ ತಕ್ಕ ತೊಗಟೆ, ತಕ್ಕ ತೇವ, ತಕ್ಕ ಶಿಲೀಂಧ್ರ ಮೂರೂ ಕೂಡಿಬರಬೇಕು. ಅದು ಹೂ ಬಿಡುವಷ್ಟಾಗಲು ವರ್ಷಗಳೇ ಬೇಕು. ಕೀಳಲು ಒಂದು ನಿಮಿಷ ಸಾಕು. ಇದನ್ನರಿತೇ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೯೧ರಲ್ಲಿ ತಂದ ತಿದ್ದುಪಡಿಯು ನೀಲಿ ವಾಂಡಾ ಮೊದಲಾದ ಕೆಲವನ್ನು ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿತು. ಇಡೀ ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವೂ ಒಪ್ಪಂದದ ನಿಯಂತ್ರಣದಲ್ಲಿದೆ.

ನರ್ಸರಿಯಲ್ಲಿ ಬೆಳೆಸಿದ ಗಿಡವನ್ನು ಕೊಳ್ಳುವುದರಿಂದ ಕಾಡಿಗೆ ನಷ್ಟವಿಲ್ಲ, ಮನೆಗೆ ಕೊರತೆಯಿಲ್ಲ. ಕಡಿಮೆ ನೀರಿನಲ್ಲಿ ಬಾಳಿ, ಮಳೆಯನ್ನು ಕಾದು ಗೊತ್ತಿರುವ ಸೀಮೆಯ ಜನರಿಗೆ ಈ ಗಿಡ ಹೊಸ ಪಾಠವನ್ನೇನೂ ಹೇಳುವುದಿಲ್ಲ. ಮಿತವಾಗಿ ಕೊಟ್ಟು, ತಾಳ್ಮೆಯಿಂದ ಕಾದವರಿಗೆ ಅದು ಹೂವಿನಿಂದಲೇ ಋಣ ತೀರಿಸುತ್ತದೆ.