ಗೋಡೆಯ ಮೇಲೆ ನಿಯಮ ಇರಲಿ

ಮಳೆಗಾಲದ ಸಂಜೆ ಸಕಲೇಶಪುರದ ಪೂಲ್ ಟೇಬಲ್ ಸುತ್ತ ಹುಡುಗರು ಮುತ್ತಿಕೊಂಡಿರುವಾಗ ಆಟ ಥಟ್ಟನೆ ನಿಂತುಬಿಡುವುದುಂಟು. ಪಟ್ಟೆಯ ಬಾಲೂ ಪಟ್ಟೆಯಿಲ್ಲದ ಬಾಲೂ ಒತ್ತೊತ್ತಿಗೆ ನಿಂತಿವೆ. ಕ್ಯೂನಿಂದ ಹೊಡೆದ ಬಿಳಿ ಬಾಲು, ಅಂದರೆ ವೈಟ್, ಹೋಗಿ ಎರಡಕ್ಕೂ ಬಡಿಯುತ್ತದೆ. ‘ಫೌಲ್’ ಎನ್ನುತ್ತಾನೆ ಒಬ್ಬ. ‘ಮೊದಲು ತಗುಲಿದ್ದು ನನ್ನ ಬಾಲಿಗೇ ಕಣೋ’ ಎನ್ನುತ್ತಾನೆ ಕ್ಯೂ ಹಿಡಿದವನು. ನೋಡುವವರಲ್ಲೂ ಎರಡು ಪಕ್ಷ. ಟೂರ್ನಮೆಂಟ್ ಆಗಿದ್ದು ಬಹುಮಾನದ ದುಡ್ಡೂ ಇದ್ದರೆ ಸ್ನೇಹವೇ ಕೆಡುತ್ತದೆ.

ಇದಕ್ಕೆ ಉತ್ತರ ಆಟದ ಅಂತರರಾಷ್ಟ್ರೀಯ ನಿಯಮದಲ್ಲಿ ಸ್ಪಷ್ಟವಾಗಿದೆ. ಯಾವುದಕ್ಕೆ ಮೊದಲು ತಗುಲಿತೆಂದು ಹೇಳಲಾಗದಿದ್ದರೆ, ತಗುಲಬೇಕಾದ ಬಾಲಿಗೇ ಮೊದಲು ತಗುಲಿತೆಂದು ಲೆಕ್ಕ. ಫೌಲ್ ಆಗಿದೆ ಅನ್ನುವವನು ಮುಂದಿನ ಹೊಡೆತಕ್ಕೆ ಮೊದಲೇ ಹೇಳಬೇಕು. ಆಮೇಲೆ ಎತ್ತಿದರೆ ಅದಕ್ಕೆ ಬೆಲೆಯಿಲ್ಲ. ಫೌಲ್ ಖಚಿತವಾದರೆ ಎದುರಾಳಿ ವೈಟನ್ನು ಟೇಬಲ್ಲಿನ ಮೇಲೆ ಎಲ್ಲಿ ಬೇಕಾದರೂ ಇಟ್ಟು ಆಡಬಹುದು. ನಮ್ಮ ಕಡೆಯ ಟೇಬಲ್ಲುಗಳಲ್ಲಾದರೋ ಫೌಲಿಗೆ ಒಂದು ಕಡೆ ಎರಡು ಚಾನ್ಸ್ ಕೊಡುತ್ತಾರೆ, ಇನ್ನೊಂದು ಕಡೆ ಗೆರೆಯ ಹಿಂದಿನಿಂದಲೇ ಹೊಡಿ ಎನ್ನುತ್ತಾರೆ. ಆಲೂರಿನವನು ಒಂದು ಲೆಕ್ಕ ಕಲಿತು ಬಂದಿರುತ್ತಾನೆ, ಸಕಲೇಶಪುರದವನು ಇನ್ನೊಂದು. ಇಬ್ಬರೂ ಪ್ರಾಮಾಣಿಕರೇ ಆಗಿದ್ದರೂ ಜಗಳ ತಪ್ಪುವುದಿಲ್ಲ.

ಆದರೆ ಯಾವ ರೆಫರಿಯ ಕಣ್ಣಿಗೂ ಬೀಳದ ಫೌಲ್ ಒಂದಿದೆ. ಬಾಗಿ ಗುರಿ ಹಿಡಿಯುವಾಗ ಸ್ವೆಟರ್ ತೋಳು ವೈಟಿಗೆ ಒಂದಿಷ್ಟು ಸೋಕುತ್ತದೆ. ಬಾಲು ಕೂದಲೆಳೆಯಷ್ಟು ಅಲುಗಿದ್ದು ಹೊಡೆಯುವವನಿಗಷ್ಟೇ ಗೊತ್ತು. ಅವನು ಕ್ಯೂ ಕೆಳಗಿಟ್ಟು ‘ಟಚ್ ಆಯ್ತು’ ಎಂದು ತಾನೇ ಹೇಳಿದರೆ, ಅವತ್ತಿನ ಮ್ಯಾಚು ಸೋತರೂ ಅವನನ್ನೇ ನಾನು ದೊಡ್ಡ ಆಟಗಾರ ಅನ್ನುವುದು.

ಪೂಲ್, ಸ್ನೂಕರ್‌ನಂಥ ಕ್ಯೂ ಆಟಗಳಿಗೂ ನಮ್ಮ ಬೆಟ್ಟಸಾಲಿಗೂ ನಂಟು ಹಳೆಯದು. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾ ಮೆಸ್‌ನಲ್ಲಿ. ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನಲ್ಲಿ, 1882ರ ಹೊತ್ತಿಗೆ. ಮಲೆನಾಡಿಗೆ ಕ್ಯೂ ಬಂದದ್ದೂ ಕಾಫಿ ಪ್ಲಾಂಟರುಗಳ ಕ್ಲಬ್ಬುಗಳ ದಾರಿಯಲ್ಲೇ. 2003ರಲ್ಲಿ ಹದಿನೆಂಟರ ಹರೆಯದಲ್ಲೇ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದ ಪಂಕಜ್ ಅಡ್ವಾಣಿ, 2012ರಲ್ಲಿ ಮಹಿಳಾ ವಿಶ್ವ ಬಿಲಿಯರ್ಡ್ಸ್ ಗೆದ್ದ ಆರ್. ಉಮಾದೇವಿ, ಇಬ್ಬರೂ ಬೆಂಗಳೂರಿನ ಟೇಬಲ್ಲುಗಳಲ್ಲಿ ಬೆಳೆದವರು. ಅಂಥ ದೊಡ್ಡ ಪಂದ್ಯಗಳಲ್ಲಿ ಬಿಳಿ ಕೈಗವಸಿನ ರೆಫರಿ ಟೇಬಲ್ ಬಿಟ್ಟು ಕದಲುವುದಿಲ್ಲ. ನಮ್ಮ ಹುಡುಗರಿಗೆ ರೆಫರಿಯ ಕಣ್ಣೆದುರು ಆಡುವ ಅಭ್ಯಾಸ ಊರಿನಲ್ಲೇ ಸಿಗಬೇಕು.

ಟೂರ್ನಮೆಂಟ್ ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಮೊದಲ ಬ್ರೇಕ್‌ಗೆ ಮುಂಚೆ ನಿಯಮಗಳನ್ನು ಓದಿ ಹೇಳಿ. ಅನುಮಾನದ ಹೊಡೆತ ಬಂದಾಗ ಆಟ ನಿಲ್ಲಿಸಿ, ಹೊಡೆಯುವ ಮುನ್ನವೇ ಮೂರನೆಯವರೊಬ್ಬರನ್ನು ನೋಡಲು ನಿಲ್ಲಿಸಿ. ಅವರ ಮಾತೇ ಕೊನೆ. ನಿಮ್ಮ ಅಣ್ಣನ ಮಗ ಆಡುತ್ತಿದ್ದರೂ ಫೌಲ್ ಫೌಲೇ. ಆ ನಿಯಮಗಳನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಸಿ, ಟೇಬಲ್ಲಿನ ಪಕ್ಕದ ಗೋಡೆಗೆ ಈ ವಾರವೇ ಹಾಕಿಸಿ.